ಚಿನ್ನದ ಮೀನಿನ ಮಿತಾಹಾರ



ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿರಿಸಿ ಅದರಲ್ಲಿ ಚಿನ್ನದ ಮೀನುಗಳನ್ನು ಸಾಕುವ ಹವ್ಯಾಸವು ತಮ್ಮಲ್ಲಿ ಅನೇಕರಿಗೆ ಪರಿಚಿತವಾದುದೇ. ಆ ಮೀನುಗಳಿಗೆ ಊಟವಿಕ್ಕುವ ಕ್ರಮವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಇಂದು ತಮ್ಮ ಮುಂದೆ ಬಂದಿದ್ದೇವೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಈ ಅಲ್ಪವಿಷಯವನ್ನು ಅರಿಯದೆ ನಾವು ಒಂದು ಜೀವವನ್ನು ಕಳೆದೆವು. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇವೆ.

ನಮ್ಮ ಮೊದಲ ಮೀನು ದುಂಡುಮೈಯದು, ಕವಲುಬಾಲದ್ದು. ತೊಟ್ಟಿಯ ಬಳಿಗೆ ಯಾರು ಸುಳಿದರೂ ಗಾಜಿಗೆ ಮೂತಿಯೊತ್ತಿ ಬಾಯ್ದೆರೆಯುತ್ತಿತ್ತು. ಪಾಪ, ಹಸಿದಿದೆಯೆಂದು ನಾವು ಕಾಲೇಜಿಗೆ ಹೊರಡುವಾಗ ಒಂದು ಚಿಟಿಕೆ ಹಾಕುವೆವು. ಮನೆಯ ಹಿರಿಯರು ಪೂಜೆ ಮುಗಿಸಿ ನಾಲ್ಕು ಕಾಳು ಪುರಿ ಹಾಕುವರು. ಮಗಳು ಶಾಲೆಯಿಂದ ಬಂದೊಡನೆ ಇನ್ನೊಂದು ಚಿಟಿಕೆ. ಗೌರೀಹಬ್ಬದ ದಿನ ನೆಂಟರ ಮಕ್ಕಳೆಲ್ಲರೂ ಸರದಿಯಂತೆ ಹಾಕಿದರು. ಮರುದಿನ ಬೆಳಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಕಿವಿರು ಇನ್ನೂ ಆಡುತ್ತಿದ್ದುದನ್ನು ಕಂಡು, ನಿತ್ರಾಣವಾಗಿದೆಯೆಂದು ಬಗೆದು, ಮತ್ತಷ್ಟು ಆಹಾರವನ್ನು ಅದರ ಬಾಯ ಬಳಿ ಉದುರಿಸಿದೆವು. ಎರಡನೆಯ ದಿನ ಅದು ಸತ್ತಿತು. ಪಾರಿಜಾತದ ಬುಡದಲ್ಲಿ ಹೂಳುವಾಗ ಮಗಳು, "ಅಪ್ಪ, ಅದು ಹಸಿವಾಗಿ ಸತ್ತುಹೋಯಿತೆ?" ಎಂದು ಕೇಳಿದಳು. ಅಧ್ಯಾಪಕರೆನಿಸಿಕೊಂಡ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವು ಮೀನಿನ ಶರೀರರಚನೆಯಲ್ಲಿದೆ. ಚಿನ್ನದ ಮೀನು ಚೀಣಾದೇಶದವರು ಸಾವಿರ ವರ್ಷಗಳಿಗೂ ಹಿಂದಿನಿಂದ ಸಾಕಿ ಬೆಳೆಸಿದ ತಳಿ. ನಮ್ಮ ಕಾಟ್ಲಾ, ರೋಹು ಮೀನುಗಳ ದಾಯಾದಿ. ಈ ಮೀನಿಗೆ ನಮಗಿರುವಂತಹ ಜಠರವೇ ಇಲ್ಲ. ನುಂಗಿದ ಆಹಾರವು ಗಂಟಲಿನಿಂದ ನೇರವಾಗಿ ಕರುಳಿಗೆ ಇಳಿಯುವುದು. ಉಂಡುದನ್ನು ಕೂಡಿಟ್ಟುಕೊಳ್ಳುವ ಉಗ್ರಾಣವಿಲ್ಲದ ಕಾರಣ, ಅದು ದಿನವೆಲ್ಲ ಕೆಸರನ್ನು ಕೆದಕುತ್ತ ಸ್ವಲ್ಪಸ್ವಲ್ಪವಾಗಿ ಮೇಯುವ ಪ್ರಾಣಿ. ನಮ್ಮನ್ನು ಕಂಡಾಗಲೆಲ್ಲ ಬಾಯ್ದೆರೆಯುವುದು ಹಸಿವಿನ ಗುರುತಲ್ಲ; ಮನುಷ್ಯನು ಬಂದರೆ ಆಹಾರ ಬರುವುದೆಂದು ಅದು ಕಲಿತ ಪಾಠವಷ್ಟೆ.

ಅದರ ಬೆನ್ನೆಲುಬಿನ ಕೆಳಗೆ ಎರಡು ಕೋಣೆಗಳುಳ್ಳ ಗಾಳಿಚೀಲವೊಂದುಂಟು. ಮೀನು ಮುಳುಗದೆ, ತೇಲಿಹೋಗದೆ, ಬೇಕಾದ ಆಳದಲ್ಲಿ ನಿಲ್ಲುವುದು ಇದರ ಬಲದಿಂದ. ಸಪುರವಾದ ನಾಳವೊಂದು ಈ ಚೀಲವನ್ನು ಗಂಟಲಿಗೆ ಸೇರಿಸಿದೆ. ಇನ್ನು ದುಂಡುಮೈಯ ತಳಿಗಳಲ್ಲಿ, ಮನುಷ್ಯನು ಅಂದಕ್ಕಾಗಿ ಮೈಯನ್ನು ಮೊಟಕುಮಾಡಿರುವುದರಿಂದ, ಒಳಗಿನ ಅಂಗಗಳೆಲ್ಲ ಇಕ್ಕಟ್ಟಿನಲ್ಲಿವೆ. ಅಂತಹ ಹೊಟ್ಟೆಯಲ್ಲಿ ಕರುಳು ಉಬ್ಬಿದರೆ ಗಾಳಿಚೀಲವು ಅದುಮಲ್ಪಡುವುದು. ಆಗ ಮೀನು ಓರೆಯಾಗಿ ತೇಲುತ್ತದೆ, ತಲೆಕೆಳಗಾಗುತ್ತದೆ, ಇಲ್ಲವೆ ತಳಕ್ಕೆ ಬಿದ್ದು ಏಳಲಾರದು. ಒಣ ಆಹಾರವು ನೀರುಂಡು ಹಿಗ್ಗುವುದೂ, ಮೇಲ್ಮೈಯಲ್ಲಿ ತಿನ್ನುವಾಗ ಅದರೊಡನೆ ಗಾಳಿಯನ್ನೂ ನುಂಗುವುದೂ ಈ ಕಷ್ಟವನ್ನು ಹೆಚ್ಚಿಸುತ್ತವೆ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಲುಗಳ ಮೇಲೆ ನಿಂತು ಮೀನುಗಳಿಗೆ ಪುರಿ ಎರಚದವರು ನಮ್ಮಲ್ಲಿ ವಿರಳ. ಅದೇ ಕೈ, ಅದೇ ಪುಣ್ಯಬುದ್ಧಿ ಮನೆಯ ತೊಟ್ಟಿಯ ಮುಂದೆಯೂ ಚಾಚುತ್ತದೆ. ಆದರೆ ಅಲ್ಲಿರುವುದು ಹರಿಯುವ ನದಿ, ಮಿಕ್ಕುದನ್ನು ಒಯ್ಯುತ್ತದೆ. ತೊಟ್ಟಿಯಲ್ಲಿ ಮಿಕ್ಕುದು ಅಲ್ಲಿಯೇ ಕೊಳೆತು ಅಮೋನಿಯಾ ಎಂಬ ವಿಷವಾಗುವುದು. ಮೀನಿನ ಕಿವಿರಿನಿಂದಲೂ ಇದೇ ವಿಷವು ಹೊರಬೀಳುವುದರಿಂದ, ಹೆಚ್ಚು ಉಂಡ ಮೀನು ತಾನಿರುವ ನೀರನ್ನು ತಾನೇ ಕೆಡಿಸಿಕೊಳ್ಳುತ್ತದೆ.

ಹಾಗಾದರೆ ಎಷ್ಟು ಹಾಕಬೇಕು? ಎರಡು ನಿಮಿಷಗಳೊಳಗೆ ಮೀನು ತಿಂದು ಮುಗಿಸುವಷ್ಟನ್ನು ದಿನಕ್ಕೆ ಒಂದು ಅಥವಾ ಎರಡು ಸಲ ಹಾಕಿದರೆ ಸಾಕು. ಮಿಕ್ಕುದನ್ನು ಕೂಡಲೆ ತೆಗೆಯತಕ್ಕದ್ದು. ತೇಲುವ ಆಹಾರಕ್ಕಿಂತ ಮುಳುಗುವ ಗುಳಿಗೆಗಳು ಉತ್ತಮ. ಅವನ್ನೂ ತೊಟ್ಟಿಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಬೇಕು. ಬೇಯಿಸಿದ ಸೊಪ್ಪಿನ ಚೂರನ್ನು ಆಗಾಗ್ಗೆ ಕೊಡಬಹುದು. ಪುರಿ, ಬ್ರೆಡ್ಡು, ಬಿಸ್ಕತ್ತುಗಳು ಕೂಡದು. ಚಳಿಗಾಲದಲ್ಲಿ ನೀರು ತಣ್ಣಗಾದಂತೆ ಜೀರ್ಣಶಕ್ತಿಯೂ ಕುಂದುವುದರಿಂದ ಆಹಾರವನ್ನು ಇನ್ನೂ ತಗ್ಗಿಸಬೇಕು. ಬೆಳೆದ ಮೀನಿಗೆ ವಾರದಲ್ಲಿ ಒಂದು ದಿನ ಉಪವಾಸವು ಹಿತಕರ. ಏಕಾದಶಿ ಮಾಡುವ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೀನು ಓಲಾಡತೊಡಗಿದರೆ ಮೊದಲ ಚಿಕಿತ್ಸೆಯೂ ಲಂಘನವೇ. ಎರಡು ಮೂರು ದಿನ ಏನನ್ನೂ ಹಾಕದೆ, ತೊಟ್ಟಿಯ ನೀರಿನಲ್ಲಿ ಕಾಲುಭಾಗವನ್ನು ತೆಗೆದು, ಕ್ಲೋರಿನ್ ಕಳೆದ, ಅಷ್ಟೇ ಬೆಚ್ಚಗಿರುವ ಹೊಸ ನೀರನ್ನು ತುಂಬಬೇಕು. ಬಳಿಕ ಹಸಿರು ಬಟಾಣಿಯೊಂದನ್ನು ಉಪ್ಪಿಲ್ಲದೆ ಬೇಯಿಸಿ, ಅವರೆಕಾಳನ್ನು ಹಿತಕುವಂತೆ ಸಿಪ್ಪೆಯಿಂದ ಹಿತುಕಿ, ಚೂರುಮಾಡಿ ತಿನ್ನಿಸಬಹುದು. ಅದರ ನಾರು ಮಲಬದ್ಧತೆಯನ್ನು ಸಡಿಲಿಸಲು ನೆರವಾಗುತ್ತದೆ. ಕಾಳಗದ ಮೀನೆಂದು ಮಾರುವ ಫೈಟರ್ ಮೀನಿಗೆ ಮಾತ್ರ ಈ ಉಪಚಾರ ಸಲ್ಲದು. ಅದು ಹುಳುಗಳನ್ನು ತಿನ್ನುವ ಜಾತಿ. ಅದಕ್ಕೆ ಉಪವಾಸವೇ ಸಾಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಓಲಾಟಕ್ಕೆಲ್ಲ ಅಜೀರ್ಣವೇ ಕಾರಣವಲ್ಲ. ಕೆಟ್ಟ ನೀರು, ಬ್ಯಾಕ್ಟೀರಿಯಗಳ ಸೋಂಕು, ಹುಟ್ಟಿನಿಂದ ಬಂದ ಅಂಗದೋಷ ಇವೂ ಕಾರಣಗಳಾಗಬಹುದು. ಮೈಯ ಹುರುಪೆಗಳೆಲ್ಲ ನಿಮಿರಿ ನಿಂತು ಹೊಟ್ಟೆ ಉಬ್ಬಿದ್ದರೆ ಅದು ಜಲೋದರ. ಬಟಾಣಿಯಿಂದ ಗುಣವಾಗುವ ಕಾಯಿಲೆಯಲ್ಲ. ಅಂತಹ ಸಂದರ್ಭದಲ್ಲಿ ತೋಚಿದ ಔಷಧಿಗಳನ್ನು ನೀರಿಗೆ ಸುರಿಯದೆ, ತಿಳಿದ ಪಶುವೈದ್ಯರನ್ನು ಕೇಳುವುದು ಲೇಸು.

ನಮ್ಮ ಎರಡನೆಯ ಮೀನೂ ಒಮ್ಮೆ ಓರೆಯಾಗಿ ತೇಲಿತು. ಈ ಸಲ ನಾವು ಏನನ್ನೂ ಹಾಕಲಿಲ್ಲ. ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಆ ಮೂರು ದಿನಗಳಲ್ಲಿ ತಿಳಿಯಿತು. ಮಗಳಂತೂ ತೊಟ್ಟಿಯ ಕಡೆಗೆ ನೋಡಲೊಲ್ಲದೆ ಹಿತ್ತಲಿನಲ್ಲಿಯೇ ಇದ್ದಳು. ನಾಲ್ಕನೆಯ ಬೆಳಗ್ಗೆ ಮೀನು ನೆಟ್ಟಗೆ ಈಜುತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಏರ್ಪಾಡುಂಟು. ಪ್ರತಿ ಭಾನುವಾರ ಮಗಳು ವಾರದ ಆಹಾರವನ್ನು ಅಳೆದು ಆರು ಪೊಟ್ಟಣಗಳನ್ನು ಕಟ್ಟಿ, ಒಂದೊಂದರ ಮೇಲೂ ವಾರದ ಹೆಸರನ್ನು ಬರೆದಿಡುತ್ತಾಳೆ. ಅಂದಂದಿನ ಪೊಟ್ಟಣ ಮುಗಿದಿದ್ದರೆ ಮೀನಿನ ಊಟವಾಯಿತೆಂದು ಅರ್ಥ; ಹಿರಿಯರಾಗಲಿ, ನೆಂಟರಾಗಲಿ, ನಾವಾಗಲಿ ಮತ್ತೆ ಹಾಕುವಂತಿಲ್ಲ. ಶನಿವಾರಕ್ಕೆ ಪೊಟ್ಟಣವಿಲ್ಲ. ತಾವೂ ಈ ಏರ್ಪಾಡನ್ನು ಪರೀಕ್ಷಿಸಿ ನೋಡಬೇಕೆಂದು ಬೇಡಿಕೊಂಡು ಮುಗಿಸುತ್ತೇವೆ.