ನೆಲವೂ ನುಡಿಯೂ: ಶಾಂತವೇರಿ ಗೋಪಾಲಗೌಡರನ್ನು ನೆನೆದು



ಇಂದು ಪ್ರಮಾಣಪತ್ರ ಪಡೆಯುತ್ತಿರುವ ಮಕ್ಕಳಿಗೆ, ವಾರವಿಡೀ ದುಡಿದು ರಜಾದಿನದಲ್ಲೂ ಪಾಠ ಹೇಳಿದ ಶಿಕ್ಷಕರಿಗೆ, ಬಿಡದೆ ಕರೆತಂದ ತಂದೆತಾಯಿಯರಿಗೆ ಅಭಿನಂದನೆಗಳು. ಈ ಸಂದರ್ಭದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬಗ್ಗೆ ಎರಡು ಮಾತು ಹೇಳಬೇಕೆನಿಸಿದೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರಿಗೆ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಒಡೆಯರ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು. ಪ್ರತಿ ಅಳತೆಯಲ್ಲೂ ಉತ್ತವನ ಪಾಲು ಕರಗುತ್ತಿತ್ತು. 1951ರಲ್ಲಿ ಎಚ್. ಗಣಪತಿಯಪ್ಪನವರ ರೈತ ಸಂಘ ಇದರ ವಿರುದ್ಧ ಸತ್ಯಾಗ್ರಹಕ್ಕೆ ಇಳಿಯಿತು. ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರಾದರು. ರಾಮಮನೋಹರ ಲೋಹಿಯಾ ಅವರೂ ಕಾಗೋಡಿಗೆ ಬಂದು ಬಂಧಿತರಾದರು. ಮರುವರ್ಷದ ಚುನಾವಣೆಯಲ್ಲಿ, ಇನ್ನೂ ಮೂವತ್ತು ತುಂಬದ ಗೋಪಾಲಗೌಡರು ಶಾಸನಸಭೆಗೆ ಆರಿಸಿ ಬಂದರು.

ಉಳುವವನಿಗೆ ಭೂಮಿ ಬೇಕೆಂದರು. ಆಡಳಿತ ಕನ್ನಡದಲ್ಲಿ ನಡೆಯಬೇಕೆಂದರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂದರು. ಇವು ಬೇರೆ ಬೇರೆ ಬೇಡಿಕೆಗಳಂತೆ ಕಾಣಬಹುದು. ನನಗೆ ಒಂದೇ ಎನಿಸುತ್ತದೆ. ರೈತನಿಗೆ ತಿಳಿಯದ ಭಾಷೆಯಲ್ಲಿ ಬರೆದ ಕಾನೂನು ಇನ್ನೊಂದು ದೊಡ್ಡ ಕೊಳಗವೇ. ಅದರಲ್ಲಿ ತನ್ನದೆಷ್ಟು ಹೋಯಿತೆಂದು ಅವನಿಗೆ ಗೊತ್ತಾಗುವುದೇ ಇಲ್ಲ.

ಗೋಪಾಲಗೌಡರು 1972ರ ಜೂನ್‌ನಲ್ಲಿ, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಎರಡನ್ನೂ ನೋಡಲು ಅವರಿರಲಿಲ್ಲ. ಗೇಣಿದಾರರು ನಮೂನೆ 7ರ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಆಗ ಅಲ್ಲಿ ವಕೀಲರು ವಾದಿಸುವಂತಿರಲಿಲ್ಲ. ಒಡೆಯರೆದುರು ತಲೆ ಎತ್ತದವರು ತಮ್ಮ ಮಾತನ್ನು ತಾವೇ ಆಡಬೇಕಾಯಿತು. ನನ್ನ ಅಜ್ಜನೂ ಹಾಗೆ ನಿಂತವರು. ನಾವು ಓದಿ ಇಲ್ಲಿಯವರೆಗೆ ಬಂದದ್ದು ಅವರಿಗೆ ಸಿಕ್ಕ ಎರಡು ಎಕರೆಯಿಂದ.

ನೆಲ ಮತ್ತು ನುಡಿಯ ಈ ನಂಟು ನಾವು ನೆಲೆಸಿದ ನ್ಯೂಜಿಲೆಂಡಿಗೂ ಗೊತ್ತು. ಶಾಲೆಗಳಲ್ಲಿ ಮಾವೊರಿ ಭಾಷೆ ಕಲಿಸಬೇಕೆಂಬ ಮನವಿ 30,000ಕ್ಕೂ ಹೆಚ್ಚು ಸಹಿಗಳೊಂದಿಗೆ ಸಂಸತ್ತಿಗೆ ಬಂದದ್ದು 1972ರ ಸೆಪ್ಟೆಂಬರ್ 14ರಂದು. ಮೂರು ವರ್ಷಗಳ ನಂತರ ಅದೇ ದಿನ, ಎಂಬತ್ತರ ಹತ್ತಿರದ ಫೀನಾ ಕೂಪರ್ ಅವರ ಮುಂದಾಳತ್ವದಲ್ಲಿ ಮಾವೊರಿ ಜನರ ಭೂಮಿಗಾಗಿ ಕಾಲ್ನಡಿಗೆ ಉತ್ತರದ ತುದಿಯಿಂದ ವೆಲಿಂಗ್ಟನ್‌ಗೆ ಹೊರಟಿತು.

ಪೋಷಕರಲ್ಲಿ, ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ನಮ್ಮ ಮಕ್ಕಳ ಕನ್ನಡ ಹಾಡಿಗೆ, ನೃತ್ಯಕ್ಕೆ, ಹಬ್ಬದ ಶುಭಾಶಯಕ್ಕೆ ನಿಲ್ಲಬಾರದು. ಅದರಲ್ಲಿ ಪ್ರಶ್ನೆ ಕೇಳಲು ಬರಬೇಕು. ಈ ರಜೆಯಲ್ಲಿ ಊರಿಗೆ ಫೋನ್ ಮಾಡಿದಾಗ ಮಕ್ಕಳೇ ಅಜ್ಜ ಅಜ್ಜಿಯನ್ನು ಕೇಳಲಿ: ನಮ್ಮ ಜಮೀನು ಮೊದಲು ಯಾರದು? ಯಾರು ಉಳುತ್ತಿದ್ದರು? 1974ರಲ್ಲಿ ಏನಾಯಿತು? ಈ ಸಭಾಂಗಣದಲ್ಲಿ ಜಮೀನು ಪಡೆದ ಮನೆಯವರೂ ಇರಬಹುದು, ಕಳೆದುಕೊಂಡ ಮನೆಯವರೂ ಇರಬಹುದು. ಆ ಕಾನೂನಿನಿಂದಲೂ ಏನೂ ಸಿಗದ ಕೂಲಿಕಾರರ ಮನೆಯವರೂ ಇರಬಹುದು. ಎಲ್ಲರ ಉತ್ತರ ಒಂದೇ ಆಗಿರುವುದಿಲ್ಲ; ಕೆಲವು ನೋವಿನವೂ ಆಗಿರಬಹುದು. ಮಕ್ಕಳು ಅವನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆದು ತರಲಿ. ಮುಂದಿನ ವರ್ಷದ ಮೊದಲ ಪಾಠ ಅದೇ ಆಗಲಿ.