ಊರು ಹತ್ತಿರ ಬಂದಾಗ



ನಿನ್ನ ಸಾಧನೆ ಬಗ್ಗೆ ನಾಲ್ಕು ಮಾತು ಹೇಳು ಎಂದು ಮುಖ್ಯಗುರುಗಳು ಹೇಳಿದ್ದಾರೆ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ, ಅಷ್ಟೇ. ಇವತ್ತು ನಾನು ಮಾಡದೇ ಬಿಟ್ಟ ಒಂದು ಕೆಲಸದ ಬಗ್ಗೆ ಹೇಳುತ್ತೇನೆ.

2020ರ ಮಾರ್ಚ್ 25, ಯುಗಾದಿ. ಅಂದೇ ದೇಶಕ್ಕೆಲ್ಲ ಲಾಕ್‌ಡೌನ್. ಬಸ್ಸಿಲ್ಲ, ರೈಲಿಲ್ಲ. ಅವ್ವನಿಗೆ ದಮ್ಮು ಹೆಚ್ಚಾಗಿದೆ ಎಂದು ಅಪ್ಪ ಫೋನ್ ಮಾಡಿದರು. ನಾಲ್ಕು ದಿನ ಕಾದು, ಕಾಯಿಪಲ್ಯೆ ಇಳಿಸಿ ಹುಬ್ಬಳ್ಳಿಗೆ ಮರಳುತ್ತಿದ್ದ ಲಾರಿ ಹತ್ತಿದೆ. ಬಂಕಾಪುರದ ಹತ್ತಿರ ರಾತ್ರಿ ಇಳಿದು ನಡೆಯತೊಡಗಿದೆ.

ಸವಣೂರು ದಾಟಿದ ಮೇಲೆ ಒಂದು ಕುಟುಂಬ ಜೊತೆಯಾಯಿತು. ಗಂಡ, ಹೆಂಡತಿ, ಸಣ್ಣ ಮಗಳು. ಕರಾವಳಿಗೆ ಗೌಂಡಿ ಕೆಲಸಕ್ಕೆ ಹೋದವರು. ಕೆಲಸ ನಿಂತ ಕೂಡಲೇ ಹೊರಟು, ಘಟ್ಟ ಹತ್ತಿ, ಐದು ದಿನದಿಂದ ನಡೆದಿದ್ದರು. ಅವರ ಊರು ಮುಂಡರಗಿಯ ಆಚೆ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಚುರಮರಿಯಲ್ಲಿ ನನಗೂ ಒಂದು ಹಿಡಿ ಕೊಟ್ಟರು. ಯಲವಿಗಿಯಲ್ಲಿ ರೈಲು ಹಳಿ ದಾಟಿದೆವು. ಹುಡುಗಿ ಹಳಿಗೆ ಕಿವಿ ಹಚ್ಚಿ, "ಗಾಡಿ ಬರೂದಿಲ್ಲ" ಎಂದಳು.

ಊರು ಹತ್ತಿರ ಬಂದಷ್ಟೂ ಕಾಲು ಚುರುಕಾಗುತ್ತವೆ ಎನ್ನುತ್ತಾರೆ. ನನ್ನವು ಭಾರವಾದವು. ಬೆಂಗಳೂರಿನಿಂದ ಬಂದವ ರೋಗ ತಂದ ಎಂದರೆ? ಅವ್ವನಿಗೇ ಹತ್ತಿದರೆ? ಹೊತ್ತು ಮುಳುಗುವಾಗ ಲಕ್ಷ್ಮೇಶ್ವರ ಕಂಡಿತು. ಆ ಹೆಣ್ಣುಮಗಳು ಕೇಳಿದಳು: "ಅಣ್ಣಾರ, ನಿಮ್ಮೂರಾಗ ಇವತ್ತೊಂದ್ ರಾತ್ರಿ ಮಲಗಾಕ ಎಲ್ಲ್ಯರ ಜಾಗಾ ಸಿಗತೈತೇನ್ರಿ?"

"ಗೊತ್ತಿಲ್ರಿ ಅಕ್ಕಾರ" ಎಂದೆ.

ಇದೇ ಶಾಲೆಯಲ್ಲಿ ಮೂರು ವರ್ಷ ಓದಿದವನು ನಾನು. ಈ ಕಟ್ಟೆ, ಈ ನಳ ನನಗೆ ಗೊತ್ತಿರಲಿಲ್ಲವೇ? ಮಂದಿ ಏನಂದಾರು ಎಂದು ಅಂಜಿದೆ. ಅವರು ಶಿರಹಟ್ಟಿ ದಾರಿ ಹಿಡಿದರು. ನಾನು ಮನೆಗೆ ಬಂದೆ.

ಅವ್ವ ದೂರದಿಂದಲೇ ನೋಡಿ ಅತ್ತಳು. ಹಿತ್ತಲಲ್ಲಿ ಜಳಕ ಮಾಡಿ, ದನದ ಕೊಟ್ಟಿಗೆಯಲ್ಲಿ ಉಣ್ಣುತ್ತ ಎಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ಮ ಸಾಲಿ ಕಟ್ಟಿ ಇತ್ತಲ್ಲೋ" ಎಂದರು. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ ಅರಿವೆಯಲ್ಲಿ ಕಟ್ಟಿಕೊಂಡು ಸೈಕಲ್ ಹತ್ತಿದರು. ತಾಸಿನ ನಂತರ ಗಂಟು ಹಾಗೇ ಮರಳಿ ಬಂತು. ಅವರು ಸಿಗಲಿಲ್ಲ.

ಶ್ರಮಿಕ ರೈಲುಗಳು ಹೊರಟದ್ದು ಮೇ 1ಕ್ಕೆ. ಅವರಿಗೆ ಅದರಿಂದ ಏನೂ ಆಗಲಿಲ್ಲ. ನನ್ನ ಅವ್ವ ಆರಾಮಾದಳು. ಆ ಹುಡುಗಿ ಊರು ಮುಟ್ಟಿದಳೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ನಮ್ಮ ಸೋಮೇಶ್ವರನನ್ನೂ ಆದಯ್ಯ ಸೌರಾಷ್ಟ್ರದಿಂದ ತಂದನೆಂದು ಕಥೆ ಕೇಳಿದ್ದೇವೆ. ದೂರದಿಂದ ಬಂದವರಿಗೆ ಜಾಗ ಕೊಟ್ಟ ಊರು ಇದು. ನನ್ನ ತರಗತಿಯ ಅರ್ಧ ಹುಡುಗರೂ ಸುತ್ತಲ ಹಳ್ಳಿಗಳಿಂದ ನಡೆದೇ ಬರುತ್ತಿದ್ದರು. ಅದಕ್ಕೆ ಒಂದೇ ವಿನಂತಿ: ಸುವರ್ಣ ಮಹೋತ್ಸವದ ನೆನಪಿಗೆ ಗೇಟಿನ ಹೊರಗೆ ಒಂದು ನಳ, ನೆರಳಿರುವ ಒಂದು ಕಟ್ಟೆ ಆಗಲಿ. ಖರ್ಚು ನನ್ನದು. ಅದರ ಮೇಲೆ ನನ್ನ ಹೆಸರು ಬೇಡ.

ಮಕ್ಕಳೇ, ಯಾರಾದರೂ ಜಾಗ ಕೇಳಿದರೆ ನೀವು "ಗೊತ್ತಿಲ್ಲ" ಎನ್ನಬೇಡಿ.