ನಿಂತ ಜಾಗವನ್ನೂ ಬರೆಯಿರಿ

ಚಿತ್ರ ತೆಗೆದ ಗೆಳೆಯ ಗೆಳತಿಯರೆ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಮೊಬೈಲಿನಲ್ಲಿ ನನ್ನನ್ನು ಸೆರೆಹಿಡಿಯುತ್ತಿರುವ ಕಾಲೇಜಿನ ಮಕ್ಕಳೆ,

ದೀಪ ಹಚ್ಚಿಯಾಯಿತು. ಟೇಪು ಕತ್ತರಿಸುವ ಮುಂಚೆ ನಾಲ್ಕು ಮಾತಾಡಿ ಎಂದಿದ್ದಾರೆ. ಉದ್ಘಾಟಕರು ಭಾಷಣ ಮುಗಿಸಿ, ಆಮೇಲೆ ಪ್ರದರ್ಶನಕ್ಕೊಂದು ಸುತ್ತು ಹಾಕಿ, ಕಾರು ಹತ್ತುವುದು ರೂಢಿ. ನಾನು ಬೆಳಿಗ್ಗೆಯೇ ಬಂದು, ಮೊಳೆ ಹೊಡೆಯುತ್ತಿದ್ದ ಹುಡುಗರ ನಡುವೆ ನುಸುಳಿಕೊಂಡು ಎಲ್ಲ ಚಿತ್ರಗಳನ್ನೂ ನೋಡಿಬಿಟ್ಟಿದ್ದೇನೆ. ಹಾಗಾಗಿ ನನ್ನ ಹತ್ತಿರ ಹೊಗಳಿಕೆಯ ಜತೆಗೆ ಒಂದು ತಕರಾರೂ ಇದೆ.

ಇಲ್ಲಿ ಚಿತ್ರ ಇಟ್ಟಿರುವ ಯಾರೂ ಚಿತ್ರದುರ್ಗದಲ್ಲಿ ಹುಟ್ಟಿದವರಲ್ಲ. ವರ್ಗವಾಗಿ ಬಂದ ಬ್ಯಾಂಕಿನವರು, ಮೇಷ್ಟ್ರುಗಳು, ಆಸ್ಪತ್ರೆಯ ನರ್ಸುಗಳು, ಜೋಗಿಮಟ್ಟಿಯ ಕಡೆ ಗಾಳಿಯಂತ್ರ ನೋಡಿಕೊಳ್ಳುವ ಎಂಜಿನಿಯರುಗಳು, ಮದುವೆಯಾಗಿ ಬಂದು ಇಲ್ಲಿಯವರೇ ಆದ ಹೆಣ್ಣುಮಕ್ಕಳು. ನಾನೂ ಅದೇ ಪೈಕಿ. ಕುಂದಾಪುರದ ಕಡೆಯವನು, ಭೂಗೋಳ ಪಾಠ ಮಾಡಲು ಬಂದವನು, ನಿವೃತ್ತಿಯಾದ ಮೇಲೂ ಊರಿಗೆ ಹಿಂದಿರುಗದೆ ಇಲ್ಲೇ ಉಳಿದವನು. ಕರಾವಳಿಯಲ್ಲಿ ವರ್ಷದ ಮಳೆ 3500 ಮಿ.ಮೀ. ದಾಟುತ್ತದೆ. ಚಳ್ಳಕೆರೆಯಲ್ಲಿ 500 ಆದರೆ ಶೇಂಗಾ ಬಿತ್ತಿದವರ ಮುಖ ಅರಳುತ್ತದೆ. ಆ ವ್ಯತ್ಯಾಸ ಮೈಗೆ ಬೇಗ ಗೊತ್ತಾಗುತ್ತದೆ, ಕಣ್ಣು ಒಗ್ಗಿಕೊಳ್ಳುವುದು ನಿಧಾನ. ನಮ್ಮ ಕಡೆ ತೆಂಗು, ಅಡಕೆ, ಹಾಡಿ, ಬೇಲಿ ಎಲ್ಲ ಸೇರಿ ನೋಟವನ್ನು ಹತ್ತು ಮಾರಿನಲ್ಲೇ ತಡೆಯುತ್ತವೆ. ಅಗಲವಾಗಿ ಏನಾದರೂ ಕಾಣಬೇಕೆಂದರೆ ಸಮುದ್ರಕ್ಕೇ ಹೋಗಬೇಕು. ಇಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ನಡೆದರೆ ಸಾಕು, ಕಣ್ಣು ದಣಿಯುವವರೆಗೂ ನೆಲ.

ಸಮುದ್ರ ಬಿಟ್ಟು ಬಂದೆ ಎಂಬ ಕೊರಗು ನನಗೆ ಮೊದಮೊದಲು ಇತ್ತು. ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋದ ಮೇಲೆ ಅದೂ ಹೋಯಿತು. ಅಲ್ಲಿ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿದಂತೆ ಕಾಣುವ ಕಲ್ಲುಗಳಿವೆ. ಲಾವಾರಸ ನೀರಿನಡಿ ಉಕ್ಕಿ, ತಣ್ಣಗಾಗಿ, ಉಂಡೆಯುಂಡೆಯಾಗಿ ಹೆಪ್ಪುಗಟ್ಟಿದರೆ ಮಾತ್ರ ಆಗುವ ಆಕಾರ ಅದು. ಸುಮಾರು 250 ಕೋಟಿ ವರ್ಷದ ಹಿಂದಿನದು, ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂದರೆ ನನಗಿಂತ ಮೊದಲೇ ಸಮುದ್ರ ಇಲ್ಲಿಗೆ ಬಂದು ಹೋಗಿದೆ! ಅದರ ಚಿತ್ರ ಇಲ್ಲಿ ಒಂದೂ ಇಲ್ಲ. ಇದು ನನ್ನ ತಕರಾರಲ್ಲ, ಮುಂದಿನ ಭಾನುವಾರಕ್ಕೆ ಸಲಹೆ.

ಹೊಸ ಊರಿಗೆ ಬಂದವರು ಮೊದಲು ಬಾಡಿಗೆ ಮನೆ ಹುಡುಕುತ್ತಾರೆ, ಆಮೇಲೆ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂದು ವಿಚಾರಿಸುತ್ತಾರೆ. ಕ್ಯಾಮೆರಾ ಹೊರಬರುವುದು ಮೊದಲ ರಜೆಯಲ್ಲಿ, ಕೋಟೆ ಹತ್ತುವಾಗ. ಏಳು ಸುತ್ತು, ಓಬವ್ವನ ಕಿಂಡಿ, ತುಪ್ಪದ ಕೊಳ, ಅಕ್ಕತಂಗಿಯರ ಹೊಂಡ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದ ಮೇಲಂತೂ ನಾಡಿಗೆಲ್ಲ ದುರ್ಗವೆಂದರೆ ಬಂಡೆ, ಬಂಡೆಯೆಂದರೆ ದುರ್ಗ. ಆ ಚಿತ್ರಗಳನ್ನು ಎಲ್ಲರೂ ತೆಗೆಯುತ್ತಾರೆ, ತೆಗೆಯಲಿ. ನಿಮ್ಮ ಈ ಪ್ರದರ್ಶನದಲ್ಲಿ ನನಗೆ ಹಿಡಿಸಿದ್ದು ನೀವು ಅಲ್ಲಿಗೇ ನಿಲ್ಲಲಿಲ್ಲ ಎಂಬುದು. ಕೋಟೆಯ ಮೇಲೆ ನಿಂತು, ಬಂಡೆಗೆ ಬೆನ್ನು ಮಾಡಿ, ಹೊರಗಡೆ ನೋಡಿದ್ದೀರಿ.

ಎತ್ತರದಲ್ಲಿ ನಿಂತು ಸುತ್ತಲೂ ನೋಡುವ ಆಸೆ ಕ್ಯಾಮೆರಾಕ್ಕಿಂತ ಹಳೆಯದು. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲೇ ಸುತ್ತುಚಿತ್ರಕ್ಕೆ ಪೇಟೆಂಟ್ ಪಡೆದ. ಲಂಡನ್ನಿನಲ್ಲಿ ಅದಕ್ಕೆಂದೇ ದುಂಡಗಿನ ಕಟ್ಟಡ ಕಟ್ಟಿಸಿ, ನಡುವೆ ಜನರನ್ನು ನಿಲ್ಲಿಸಿ ಕಾಸು ಮಾಡಿದ. 1840ರ ದಶಕದಲ್ಲಿ ಮಾರ್ಟೆನ್ಸ್ ಎಂಬವನು ಮಸೂರವೇ ತಿರುಗುವ ಕ್ಯಾಮೆರಾ ಮಾಡಿ ಪ್ಯಾರಿಸ್ ನಗರವನ್ನು ಒಂದೇ ಉದ್ದನೆಯ ತಗಡಿನ ಮೇಲೆ ಮೂಡಿಸಿದ. ನಮ್ಮ ದೇಶಕ್ಕೆ ಈ ಕಲೆ ಬಂದ ಬಗೆ ಮಾತ್ರ ಅಷ್ಟು ಸೊಗಸಿನದಲ್ಲ. 1857ರ ದಂಗೆಯನ್ನು ಅಡಗಿಸಿದ ಬೆನ್ನಿಗೇ, 1858ರಲ್ಲಿ, ಫೆಲಿಸ್ ಬಿಯಾಟೊ ಎಂಬ ಛಾಯಾಗ್ರಾಹಕ ಲಖನೌಗೆ ಬಂದ. ಗಾಜಿನ ಫಲಕಗಳ ಮೇಲೆ ಊರನ್ನು ತುಂಡುತುಂಡಾಗಿ ತೆಗೆದು ಪಕ್ಕಪಕ್ಕ ಜೋಡಿಸಿದ. ನೋಡಲು ಅದ್ಭುತವಾಗಿವೆ, ಆದರೆ ಗೆದ್ದವರು ಗೆದ್ದ ಊರನ್ನು ಮೇಲಿನಿಂದ ಅಳೆಯುವ ನೋಟ ಅದು. ಅಗಲದ ಚಿತ್ರಕ್ಕೆ ಆ ಚಾಳಿ ಹುಟ್ಟಿನಿಂದಲೇ ಅಂಟಿದೆ ಎಂಬುದು ನನ್ನ ಅಭಿಪ್ರಾಯ. ಗುಡ್ಡ ಹತ್ತಿ, ಎಡದಿಂದ ಬಲಕ್ಕೆ ಕ್ಯಾಮೆರಾ ತಿರುಗಿಸಿ, ‘ಇದೆಲ್ಲ ನಾನು ಕಂಡೆ’ ಎಂದು ಇಳಿದುಬಿಡುವ ಚಾಳಿ.

ಕೆಲಸ ಗೊತ್ತಿಲ್ಲದವರಿಗೆ ಇದೆಲ್ಲ ಸುಲಭ ಅನಿಸುತ್ತದೆ. ಮೊಬೈಲಿನಲ್ಲಿ ಪ್ಯಾನೊ ಒತ್ತಿ ಮೈ ತಿರುಗಿಸಿದರೆ ಆಯಿತಲ್ಲ? ಮೂಲೆಯಲ್ಲಿ ತಮಾಷೆಗೆಂದೇ ತೂಗುಹಾಕಿರುವ ಒಂದು ಚಿತ್ರ ಇದೆ, ಮಕ್ಕಳು ತಪ್ಪದೆ ನೋಡಿ. ಗಾಳಿಯಂತ್ರಗಳ ಸಾಲು. ಒಂದಕ್ಕೆ ರೆಕ್ಕೆ ಎರಡೇ, ಪಕ್ಕದ್ದಕ್ಕೆ ನಾಲ್ಕೂವರೆ, ಕೆಳಗೆ ರಸ್ತೆ ದಾಟುತ್ತಿರುವ ಮೇಕೆಗೆ ಆರು ಕಾಲು. ಮೊಬೈಲು ಪಟ್ಟಿಪಟ್ಟಿಯಾಗಿ ಚಿತ್ರ ಹಿಡಿದು ಅಂಟಿಸುತ್ತಾ ಹೋಗುವಾಗ ರೆಕ್ಕೆಯೂ ಮೇಕೆಯೂ ಅದಕ್ಕಾಗಿ ಕಾದು ನಿಲ್ಲುವುದಿಲ್ಲ. ಸರಿಯಾಗಿ ಮಾಡುವವರು ಸ್ಟ್ಯಾಂಡಿನ ಮೇಲೆ ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸುತ್ತಾರೆ. ಒಂದು ಫ್ರೇಮಿನ ಮೂರರಲ್ಲೊಂದು ಪಾಲು ಇನ್ನೊಂದರ ಮೇಲೆ ಬರುವಂತೆ ತಿರುಗಿಸುತ್ತಾರೆ. ಬೆಳಕಿನ ಅಳತೆಯನ್ನು ಆಟೊದಲ್ಲಿ ಬಿಡದೆ ಬಿಗಿದಿಡುತ್ತಾರೆ. ಇಲ್ಲದಿದ್ದರೆ ಆಕಾಶ ಒಂದು ತುಂಡಿನಲ್ಲಿ ಬೆಳ್ಳಗೆ, ಮುಂದಿನದರಲ್ಲಿ ಕಪ್ಪಗೆ. ಹತ್ತಿರದಲ್ಲಿ ಬಂಡೆಯೋ ಬೇಲಿಯೋ ಇದ್ದರೆ ಕ್ಯಾಮೆರಾದ ಮೈಯನ್ನಲ್ಲ, ಮಸೂರದೊಳಗೆ ಬೆಳಕು ಕೂಡುವ ಬಿಂದುವನ್ನೇ ಕೇಂದ್ರವಾಗಿಟ್ಟು ತಿರುಗಿಸಬೇಕು, ಇಲ್ಲವಾದರೆ ಬೇಲಿಯ ಕಂಬ ಎರಡಾಗುತ್ತದೆ. ನೀಲಿ ಗಾಢವಾಗಲಿ ಎಂದು ಪೋಲರೈಸರ್ ಹಾಕಿದ ಕೆಲವರ ಚಿತ್ರದಲ್ಲಿ ಆಕಾಶದ ನಡುವೆ ಮಸಿಯ ಪಟ್ಟಿ ಬಿದ್ದಿದೆ. ಸೂರ್ಯನಿಗೆ ಅಡ್ಡಲಾಗಿರುವ ಆಕಾಶವನ್ನು ಮಾತ್ರ ಅದು ಹೆಚ್ಚು ಕಪ್ಪಾಗಿಸುತ್ತದೆ. ಇಷ್ಟು ಅಗಲದ ನೋಟಕ್ಕೆ ಅದನ್ನು ಕಳಚಿಡುವುದೇ ಮೇಲು.

ಇನ್ನು ಎಡಗೋಡೆಯ ಚಿತ್ರಗಳು. ಮಾರಿಕಣಿವೆಯವು. ವೇದಾವತಿಗೆ ಎರಡು ಗುಡ್ಡಗಳ ನಡುವೆ ಅಡ್ಡ ಕಟ್ಟಿ, 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ. ನಮ್ಮ ಗೆಳೆಯರೊಬ್ಬರು ಒಂದು ಬೇಸಿಗೆಯಲ್ಲಿ ಗುಡ್ಡದ ಮೇಲೆ ಒಂದು ಕಲ್ಲು ಗುರುತು ಮಾಡಿಕೊಂಡು ಅಲ್ಲಿಂದ ಚಿತ್ರ ತೆಗೆದರು. ನೀರು ತಳಕ್ಕಿಳಿದಿದೆ. ಗುಡ್ಡಗಳ ಬುಡದ ಸುತ್ತ ನೀರು ಒಂದು ಕಾಲಕ್ಕೆ ನಿಂತಿದ್ದ ಮಟ್ಟ ಬಿಳಿಚಿದ ಗೆರೆಯಾಗಿ ಕಾಣುತ್ತದೆ, ಒಣಗಿದ ಕೆಸರಿನಲ್ಲಿ ಬಳ್ಳಾರಿ ಜಾಲಿ ಬೆಳೆದು ಪೊದೆಯಾಗಿದೆ. ಪಕ್ಕದಲ್ಲಿ ಅದೇ ಕಲ್ಲಿನಿಂದ 2022ರ ಸೆಪ್ಟೆಂಬರಿನಲ್ಲಿ ತೆಗೆದದ್ದು. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು 89 ವರ್ಷದ ಮೇಲೆ ಮತ್ತೆ ತುಂಬಿ ಕೋಡಿ ಬಿದ್ದ ಸಮಯ. ಬಿಳಿ ಗೆರೆ ಮುಳುಗಿದೆ, ಜಾಲಿಯ ತುದಿ ಮಾತ್ರ ನೀರಿನಿಂದ ಇಣುಕುತ್ತಿದೆ. ಜನ ಜಾತ್ರೆಗೆ ಬಂದಂತೆ ಬಂದಿದ್ದಾರೆ. ಅಜ್ಜ ಹೇಳುತ್ತಿದ್ದ ಕೋಡಿಯನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು. ಕೊನೆಯ ಚಿತ್ರ ಹಿನ್ನೀರಿನ ಕಡೆಯದು. ಅಲ್ಲಿ ಹಬ್ಬವಿಲ್ಲ, ತೆಂಗಿನ ಮರಗಳು ಸೊಂಟದವರೆಗೆ ನೀರಿನಲ್ಲಿವೆ, ತೋಟದವನೊಬ್ಬ ದಡದಲ್ಲಿ ಪಂಪ್‌ಸೆಟ್ ಎಳೆದುಕೊಂಡು ನಿಂತಿದ್ದಾನೆ. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತು, ಆ ಚಿತ್ರಕ್ಕೂ ಅಲ್ಲೇ ಜಾಗ ಬಿಡಬಹುದಿತ್ತು. ಹಿನ್ನೀರು ಮೇಲಿನಿಂದ ಭಾರತದ ನಕ್ಷೆಯಂತೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಭೂಗೋಳದ ಮೇಷ್ಟ್ರಾದ ನನಗೆ ಅದು ಇವತ್ತಿಗೂ ಪೂರ್ತಿ ಕಂಡಿಲ್ಲ, ಇರಲಿ.

ಈ ಚಿತ್ರಗಳಿಗೆ ತೂಕ ಬಂದದ್ದು ಅಗಲದಿಂದಲ್ಲ. ಅದೇ ಕಲ್ಲಿಗೆ ಮತ್ತೆ ಹೋದದ್ದರಿಂದ.

ಕಾವಲಿನ ಚಿತ್ರಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನೋಡುವವರು ಅವುಗಳ ಮುಂದೆ ನಿಲ್ಲುವುದಿಲ್ಲ ಎಂಬ ಭಯ ನನಗಿದೆ. ಚಳ್ಳಕೆರೆಯ ಆಚೆಯ ವರವು, ಉಳ್ಳಾರ್ತಿ, ಕುದಾಪುರ ಕಾವಲುಗಳು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ, ಟಿಪ್ಪುವಿನ ಕಾಲದಿಂದ ಅಮೃತ ಮಹಲ್ ಎಂದು ಹೆಸರಾದ ಆ ತಳಿಗೆ, ಮೀಸಲಾಗಿದ್ದ ಹುಲ್ಲುಗಾವಲು. ಎದ್ದು ನಿಲ್ಲುವ ವಸ್ತು ಒಂದೂ ಇಲ್ಲ. ಮುಕ್ಕಾಲು ಆಕಾಶ, ಕಾಲು ಭಾಗ ಹುಲ್ಲು. ಇದನ್ನು ತೆಗೆಯುತ್ತಿದ್ದ ನರ್ಸಮ್ಮನವರನ್ನು ಕುರಿ ಕಾಯುವ ಅಜ್ಜ ಕೇಳಿದನಂತೆ, “ಏನೈತೆ ಅಂತ ಈ ಬಯಲ ಫೋಟ ಹೊಡಿತೀಯ ತಾಯಿ?” ಇವರು “ನೀನೇ ಹೇಳಪ್ಪ, ಏನಿದೆ?” ಎಂದಿದ್ದಾರೆ. ಅಜ್ಜ ಕೂತು ಹೇಳತೊಡಗಿದ. ಯಾವ ಹುಲ್ಲು ಕುರಿ ಮೊದಲು ಮುಟ್ಟುತ್ತದೆ, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಅವನ್ನು ಯಾವ ದಾರಿಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದರು, ಈಗ ಬೇಲಿ ಬಂದ ಮೇಲೆ ಎಷ್ಟು ಸುತ್ತಿ ಬರಬೇಕು. ಚಿತ್ರದ ಬಲತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಒಂದು ಗೋಡೆ ಕಾಣುತ್ತದೆ, ಗಮನಿಸಿ. ಇಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಗಿದೆ. ಇಸ್ರೊದ ರೆಕ್ಕೆಯುಳ್ಳ ನೌಕೆ 2023ರ ಏಪ್ರಿಲ್‌ 2ರಂದು ತಾನಾಗಿಯೇ ಬಂದಿಳಿದದ್ದು ಈ ಜಿಲ್ಲೆಯ ರನ್‌ವೇ ಮೇಲೆಯೇ. ಆ ಸಾಧನೆಗೆ ನಾನೂ ಚಪ್ಪಾಳೆ ತಟ್ಟಿದವನು. ಆದರೆ ಆ ನೆಲವನ್ನು ಕಾಗದದಲ್ಲಿ ‘ಖಾಲಿ’ ಎಂದು ಕಂಡವರು ಕುರಿ ಕಾಯುವ ಅಜ್ಜನ ಪಕ್ಕ ಅರ್ಧ ಗಂಟೆ ಕೂತಿರಲಾರರು.

ಈಗ ತಕರಾರು. ನರ್ಸಮ್ಮನವರ ಈ ಚಿತ್ರದ ಕೆಳಗಿನ ಚೀಟಿಯಲ್ಲಿ ಏನಿದೆ? ‘ಅನಂತ’. ಅದರ ಪಕ್ಕದ್ದಕ್ಕೆ ‘ಮೌನ’. ಇನ್ನೊಂದಕ್ಕೆ ‘ಬಯಲ ಕನಸು’. ಅಲ್ಲಾ ಸ್ವಾಮಿ, ಊರು ಯಾವುದು? ಕೆರೆ ಯಾವುದು? ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಿರಿ, ಯಾವ ತಿಂಗಳು? ಅಜ್ಜ ಹೇಳಿದ ಹುಲ್ಲಿನ ಹೆಸರುಗಳೆಲ್ಲ ಎಲ್ಲಿ ಹೋದವು?

ಇದು ಮೇಷ್ಟ್ರ ಗೊಣಗಾಟ ಅಂದುಕೊಳ್ಳಬೇಡಿ. 1856ರಲ್ಲಿ ಮದರಾಸು ಸೈನ್ಯದ ಗ್ರೀನ್‌ಲಾ ಎಂಬ ಅಧಿಕಾರಿ ಹಂಪಿಗೆ ದೊಡ್ಡ ಕ್ಯಾಮೆರಾ ಹೊತ್ತು ತಂದು, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. ಆ ನೆಗೆಟಿವ್‌ಗಳು ಬಹುಕಾಲ ಮರೆತುಹೋಗಿದ್ದವು. ಸಿಕ್ಕ ಮೇಲೆ 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ತೆಗೆದರು. ಐವತ್ತು ರೂಪಾಯಿ ನೋಟಿನ ಹಿಂಬದಿಯ ಕಲ್ಲಿನ ರಥವನ್ನು ನೀವೆಲ್ಲ ನೋಡಿದ್ದೀರಿ. ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರ ಇದೆ. ಇವತ್ತು ಇಲ್ಲ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಮಾತೇ ಬೇಡ. ಗ್ರೀನ್‌ಲಾನಿಗೆ ದಾರಿ ತೋರಲು ಗುಡಿ ಗೋಪುರಗಳಿದ್ದವು, ಮುಂದೆ ಬಂದವರು ಅವನ್ನು ಹಿಡಿದು ಜಾಗ ಹುಡುಕಿದರು. ನಿಮ್ಮ ಕಾವಲಿನಲ್ಲಿ ಗೋಪುರವಿಲ್ಲ. ನೀವು ಬರೆದಿಡದಿದ್ದರೆ 2080ರಲ್ಲಿ ‘ಅನಂತ’ವನ್ನು ಹುಡುಕಿಕೊಂಡು ಯಾರು ಎಲ್ಲಿಗೆ ಹೋಗಬೇಕು?

ಬರೆದಿಡುವ ಪಾಠಕ್ಕೆ ದೂರ ಹೋಗಬೇಕಿಲ್ಲ, ಮೊಳಕಾಲ್ಮೂರಿಗೆ ಹೋದರೆ ಸಾಕು. ಬ್ರಹ್ಮಗಿರಿಯಲ್ಲಿ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದ ಅಶೋಕನ ಶಾಸನ ಇದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಎಂದು ಮೊದಲೇ ಹೇಳಿಬಿಡುತ್ತದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ತಾನು ಲಿಪಿಕಾರ ಎಂಬುದನ್ನು ಮಾತ್ರ ಚಪಡ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ, ಗಾಂಧಾರದ ಕಡೆಯ ಲಿಪಿ. ಇಲ್ಲಿಯ ಜನ ಓದಲಾರದ ಅಕ್ಷರ. ಆ ಕಡೆಯವನೇ ಇರಬೇಕು, ಕೆಲಸದ ಮೇಲೆ ಈ ಬಂಡೆಗಾಡಿಗೆ ಬಂದವನು. ವರ್ಗವಾಗಿ ಬಂದವರ ಸಾಲಿನಲ್ಲಿ ನಮಗೆಲ್ಲ ಸೀನಿಯರ್.

ಆದ್ದರಿಂದ ಸಂಘಟಕರಲ್ಲಿ ಒಂದು ಕೋರಿಕೆ. ಪ್ರದರ್ಶನ ಇನ್ನೂ ಒಂದು ವಾರ ಇರುತ್ತದೆ. ಇವತ್ತು ಸಂಜೆಯೊಳಗೆ ಪ್ರತಿ ಚಿತ್ರದ ಕೆಳಗೂ ಖಾಲಿ ಹಾಳೆಯೊಂದನ್ನು ಅಂಟಿಸಿ, ದಾರ ಕಟ್ಟಿದ ಪೆನ್ನು ಇಡಿ. ಚಿತ್ರ ತೆಗೆದವರು ಊರು, ದಿಕ್ಕು, ತಿಂಗಳು ಬರೆಯಲಿ. ನೋಡಲು ಬಂದ ದುರ್ಗದವರು ತಮಗೆ ಗೊತ್ತಿರುವ ಗುಡ್ಡದ, ಹಳ್ಳದ, ಗೋಕಟ್ಟೆಯ ಹೆಸರು ಸೇರಿಸಲಿ. ಒಂದೇ ಗುಡ್ಡಕ್ಕೆ ಎರಡು ಊರಿನವರು ಎರಡು ಹೆಸರು ಹೇಳಿ ಜಗಳ ಮಾಡಿದರೆ ಇನ್ನೂ ಒಳ್ಳೆಯದು, ಎರಡನ್ನೂ ಬರೆದುಕೊಳ್ಳಿ. ‘ಅನಂತ’ ಬೇಕಿದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇರಲಿ, ನನ್ನ ಅಡ್ಡಿ ಇಲ್ಲ. ನರ್ಸಮ್ಮನವರೇ, ಆ ಅಜ್ಜನನ್ನು ಒಂದು ದಿನ ಆಟೊ ಮಾಡಿ ಇಲ್ಲಿಗೆ ಕರೆದುಕೊಂಡು ಬನ್ನಿ. ಬಾಡಿಗೆ ನನ್ನ ಲೆಕ್ಕಕ್ಕೆ.

ಕತ್ತರಿ ತಟ್ಟೆಯಲ್ಲಿ ಬಂದಿದೆ. ಉದ್ದನೆಯ ಚಿತ್ರಗಳನ್ನು ನಡುವೆ ನಿಂತು ನೋಡಬೇಡಿ, ಎಡತುದಿಯಿಂದ ನಡೆಯುತ್ತಾ ನೋಡಿ. ಮಕ್ಕಳು ಮೊದಲು ಒಳಗೆ ಹೋಗಲಿ, ದೊಡ್ಡವರಿಗೆ ಹೊರಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ, ಟೀ ಇದೆಯಂತೆ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಹೇಳುತ್ತೇನೆ.